ಚಿತ್ರ ಲೈಬ್ರರಿಗಳಲ್ಲಿ ಕಾಲ್‌ಬ್ಯಾಕ್ ಒಪ್ಪಂದ: ಒಂದು ವಿಮರ್ಶೆ

೧

ವಿಮರ್ಶೆಯೆಂಬುದು ಕಾವ್ಯ ನಾಟಕಗಳಿಗೆ ಮಾತ್ರ ಸಲ್ಲತಕ್ಕ ವ್ಯಾಪಾರವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಕಂಪ್ಯೂಟರ್ ಪ್ರೋಗ್ರಾಂಗಳ ವಿಷಯದಲ್ಲಿ ತರಗತಿಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಬೋಧನೆಯೇ ಹೊರತು ವಿಮರ್ಶೆಯಲ್ಲ. ಇಂಥ ಫಂಕ್ಷನ್ನಿಗೆ ಇಂಥ ಆರ್ಗ್ಯುಮೆಂಟುಗಳೆಂದು ಹೇಳಿಕೊಟ್ಟು, ಅದು ನಡೆಯಿತೆಂಬುದನ್ನು ಕಣ್ಣಾರೆ ಕಂಡು, ಮುಂದಿನ ಪಾಠಕ್ಕೆ ಹೋಗುತ್ತೇವೆ. ಆದರೆ ಪ್ರೋಗ್ರಾಂ ಕೂಡ ಒಂದು ಬರಹವೇ. ಅದನ್ನು ಬರೆದವನೊಬ್ಬನಿದ್ದಾನೆ, ಓದಿ ಬಳಸುವವನೊಬ್ಬನಿದ್ದಾನೆ; ಇವರಿಬ್ಬರ ನಡುವೆ ಕೆಲವು ಮಾತುಗಳು ಸ್ಪಷ್ಟವಾಗಿ ಆಡಲ್ಪಟ್ಟಿವೆ, ಕೆಲವು ಆಡದೆ ಉಳಿದಿವೆ. ಅನರ್ಥಗಳು ಹುಟ್ಟುವುದು ಹೆಚ್ಚಾಗಿ ಈ ಆಡದೆ ಉಳಿದ ಮಾತುಗಳಿಂದಲೇ. ಆದುದರಿಂದ ಏನು ಹೇಳಿದೆ, ಏನನ್ನು ಹೇಳದೆ ಬಿಟ್ಟಿದೆ, ಹೇಳುವುದಕ್ಕೆ ಎಡೆಯನ್ನಾದರೂ ಇಟ್ಟಿದೆಯೇ ಎಂದು ವಿಚಾರಿಸುವ ದೃಷ್ಟಿ ಇಲ್ಲಿಯೂ ಬೇಕಾದುದೇ ಆಗಿದೆ.

ಚಿತ್ರಗಳನ್ನು ತೆರೆಯಲು ಮತ್ತು ಉಳಿಸಲು ಲೋಕದಲ್ಲಿ ಬಳಕೆಗೆ ಬಂದಿರುವ ಕೆಲವು ಪ್ರಸಿದ್ಧ ಲೈಬ್ರರಿಗಳನ್ನು ತೆಗೆದುಕೊಂಡು, ಅವುಗಳಲ್ಲಿನ ಕಾಲ್‌ಬ್ಯಾಕ್ ಫಂಕ್ಷನ್‌ಗಳ ಒಪ್ಪಂದವನ್ನು ಈ ದೃಷ್ಟಿಯಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಲಿಬ್‌ಜೆಪೆಗ್, ಲಿಬ್‌ಪಿಎನ್‌ಜಿ, ಲಿಬ್‌ಟಿಫ್, ಫ್ರೀಇಮೇಜ್, ಎಸ್‌ಟಿಬಿ ಇಮೇಜ್ ಎಂಬ ಐದನ್ನು ಇಲ್ಲಿ ಆರಿಸಿಕೊಂಡಿದೆ. ಇವೆಲ್ಲವೂ ಸಿ ಭಾಷೆಯ ಅಥವಾ ಅದರ ನೆರೆಯ ಸಿ ಪ್ಲಸ್ ಪ್ಲಸ್ ಭಾಷೆಯ ಕೃತಿಗಳು. ವಾಚಕರಿಗೆ ಸಿ ಭಾಷೆಯ ಮೊದಲ ಪರಿಚಯವಿದೆಯೆಂದು ಭಾವಿಸಿದೆ.

೨

ಕಾಲ್‌ಬ್ಯಾಕ್ ಎಂದರೇನು? ಮದುವೆಮನೆಯ ಅಡುಗೆಯ ದೃಷ್ಟಾಂತದಿಂದ ಇದನ್ನು ವಿಶದಪಡಿಸಬಹುದು. ಮನೆಯ ಯಜಮಾನನು ಅಡುಗೆಭಟ್ಟರನ್ನು ಕರೆಯಿಸುತ್ತಾನೆ. ಭಟ್ಟರಿಗೆ ಅಡುಗೆ ಗೊತ್ತು. ಆದರೆ ಆ ಮನೆಯ ಉಗ್ರಾಣವೆಲ್ಲಿದೆ, ಅಕ್ಕಿ ಮೂಟೆಯಲ್ಲಿದೆಯೋ ಕಣಜದಲ್ಲಿದೆಯೋ ಎಂಬುದು ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಯಜಮಾನನು ಒಬ್ಬ ಉಗ್ರಾಣಿಯನ್ನು ನೇಮಿಸಿ, “ಏನು ಬೇಕಾದರೂ ಇವನನ್ನು ಕೇಳಿ” ಎಂದು ಹೇಳಿ ಹೋಗುತ್ತಾನೆ. ಅಲ್ಲಿಂದ ಮುಂದೆ ಭಟ್ಟರು ಕೂಗಿದಾಗ ಉಗ್ರಾಣಿಯು ಕೊಡುತ್ತಾನೆ. ಇಲ್ಲಿ ಯಜಮಾನನೇ ಪ್ರೋಗ್ರಾಂ ಬರೆಯುವವನು, ಭಟ್ಟರೇ ಲೈಬ್ರರಿ, ಉಗ್ರಾಣಿಯೇ ಕಾಲ್‌ಬ್ಯಾಕ್. ಯಜಮಾನನು ಲೈಬ್ರರಿಯನ್ನು ಕರೆಯುತ್ತಾನೆ. ಲೈಬ್ರರಿಯು ಯಜಮಾನನೇ ಒದಗಿಸಿದ ಫಂಕ್ಷನ್ನನ್ನು ತಿರುಗಿ ಕರೆಯುತ್ತದೆ. ಕರೆಯ ದಿಕ್ಕು ಹಿಂದುಮುಂದಾಗಿರುವುದೇ ಈ ಏರ್ಪಾಡಿನ ವೈಶಿಷ್ಟ್ಯ.

ಇದರೊಡನೆ ಇನ್ನೊಂದು ವಸ್ತುವೂ ಇರಬೇಕಾಗುತ್ತದೆ. ಉಗ್ರಾಣಿಯು ಒಂದೇ ದಿನ ಎರಡು ಮನೆಗಳಲ್ಲಿ ಕೆಲಸ ಮಾಡುವವನಾದರೆ, ಈಗ ಯಾವ ಮನೆಯ ಬೀಗವನ್ನು ತೆರೆಯಬೇಕೆಂಬುದು ಅವನಿಗೆ ತಿಳಿಯಬೇಕು. ಯಜಮಾನನು ಬೀಗದ ಕೈಗಳನ್ನು ಗಂಟುಕಟ್ಟಿ ಭಟ್ಟರ ಕೈಗೆ ಕೊಟ್ಟಿರುತ್ತಾನೆ; ಭಟ್ಟರು ಗಂಟನ್ನು ಬಿಚ್ಚಿ ನೋಡುವುದಿಲ್ಲ, ಪ್ರತಿಸಲ ಉಗ್ರಾಣಿಯನ್ನು ಕೂಗುವಾಗಲೂ ಅದನ್ನು ಹಾಗೆಯೇ ಅವನ ಕೈಗೆ ಕೊಡುತ್ತಾರೆ. ಸಿ ಭಾಷೆಯ ವಾಯ್ಡ್ ಪಾಯಿಂಟರು ಈ ಗಂಟು. ಇದರ ಬೆಲೆ ಏನೆಂಬುದು ಇದಿಲ್ಲದ ಕಡೆ ತಿಳಿದುಬರುತ್ತದೆ. ಸಿ ಭಾಷೆಯ ಪ್ರಮಾಣಿತ ಲೈಬ್ರರಿಯಲ್ಲಿರುವ ‘ಕ್ಯೂಸಾರ್ಟ್’ ತನ್ನ ಹೋಲಿಕೆಯ ಕಾಲ್‌ಬ್ಯಾಕಿಗೆ ಎರಡು ವಸ್ತುಗಳನ್ನು ಮಾತ್ರ ಕೊಡುತ್ತದೆ, ಗಂಟನ್ನು ಕೊಡುವುದಿಲ್ಲ; ಆದ್ದರಿಂದ ಹೆಚ್ಚಿನ ಯಾವ ವಿವರ ಬೇಕಾದರೂ ಜಾಗತಿಕ ಚರಾಕ್ಷರಗಳ ಮೊರೆ ಹೋಗಬೇಕಾಗುತ್ತದೆ. ಪ್ರಕೃತ ಚರ್ಚಿಸುವ ಐದು ಲೈಬ್ರರಿಗಳೂ ಈ ತಪ್ಪನ್ನು ಮಾಡಿಲ್ಲವೆಂಬುದನ್ನು ಮೊದಲೇ ಹೇಳಬೇಕು. ಲಿಬ್‌ಪಿಎನ್‌ಜಿಯಲ್ಲಿ ಗಂಟನ್ನು ‘ಪಿಎನ್‌ಜಿ ಗೆಟ್ ಐಓ ಪಾಯಿಂಟರ್’ ಎಂಬ ಫಂಕ್ಷನ್ನಿನಿಂದ ಕೇಳಿ ಪಡೆಯಬೇಕು; ಲಿಬ್‌ಜೆಪೆಗ್‌ನಲ್ಲಿ ಅದರ ರಚನೆಯ ಕೊನೆಗೆ ನಮ್ಮ ಅಂಗಗಳನ್ನು ಜೋಡಿಸಿ ದೊಡ್ಡದು ಮಾಡಿಕೊಳ್ಳಬೇಕು; ಉಳಿದ ಮೂರರಲ್ಲಿ ಅದು ನೇರವಾಗಿ ಕೈಗೆ ಬರುತ್ತದೆ.

ಫೈಲಿನ ಹೆಸರನ್ನು ಕೊಟ್ಟರೆ ತೆರೆದುಕೊಳ್ಳುವ ಫಂಕ್ಷನ್ ಇರುವಾಗ ಇಷ್ಟೆಲ್ಲ ಏಕೆ ಎಂದು ವಿದ್ಯಾರ್ಥಿಯು ಕೇಳಬಹುದು. ಚಿತ್ರವು ಯಾವಾಗಲೂ ಸ್ವತಂತ್ರ ಫೈಲಾಗಿರುವುದಿಲ್ಲ. ಅದು ಜಿಪ್ ಮೂಟೆಯೊಳಗೆ ಇರಬಹುದು, ಡೇಟಾಬೇಸಿನ ಒಂದು ಅಂಕಣದಲ್ಲಿರಬಹುದು, ಜಾಲದ ಮೂಲಕ ತುಂಡುತುಂಡಾಗಿ ಬರುತ್ತಿರಬಹುದು, ಮೆಮೊರಿಯಲ್ಲಿಯೇ ಇರಬಹುದು. ತೆರೆದ ಫೈಲಿನ ಪಾಯಿಂಟರನ್ನು ಕೊಡುವ ಮಧ್ಯಮಾರ್ಗವೂ ನಿರಪಾಯವಾದುದಲ್ಲ. ವಿಂಡೋಸ್ ವ್ಯವಸ್ಥೆಯಲ್ಲಿ ಪ್ರೋಗ್ರಾಂ ಒಂದು ಸಿ ರನ್‌ಟೈಮಿನಿಂದಲೂ ಲೈಬ್ರರಿ ಮತ್ತೊಂದರಿಂದಲೂ ಕಟ್ಟಲ್ಪಟ್ಟಿದ್ದರೆ, ಇದರ ಫೈಲ್ ಪಾಯಿಂಟರು ಅದಕ್ಕೆ ಅರ್ಥವಾಗದೆ ಪ್ರೋಗ್ರಾಂ ಕುಸಿದು ಬೀಳುತ್ತದೆ. ಈ ಎಲ್ಲ ಸಂದರ್ಭಗಳಿಗೂ ಕಾಲ್‌ಬ್ಯಾಕ್ ಒಂದೇ ಪರಿಹಾರ.

ಹೀಗಿರಲು, ಇಂಥ ಒಪ್ಪಂದವೊಂದು ಒಳ್ಳೆಯದೋ ಅಲ್ಲವೋ ಎಂಬುದನ್ನು ಒರೆಹಚ್ಚಿ ನೋಡಲು ಎರಡು ಪ್ರಶ್ನೆಗಳನ್ನು ಇಟ್ಟುಕೊಳ್ಳೋಣ. ಮೊದಲನೆಯದು, ಲೈಬ್ರರಿಯು ಉಗ್ರಾಣಿಯಿಂದ ತನಗೆ ನಿಜವಾಗಿ ಬೇಕಾದಷ್ಟನ್ನೇ ಕೇಳುತ್ತದೆಯೇ? ಎರಡನೆಯದು, ಉಗ್ರಾಣಿಗೆ ಇಲ್ಲವೆನ್ನುವ ಅವಕಾಶವನ್ನು ಕೊಟ್ಟಿದೆಯೇ? ಇವುಗಳಲ್ಲಿ ಎರಡನೆಯದೇ ಮುಖ್ಯವೆಂಬುದು ನನ್ನ ಅಭಿಪ್ರಾಯ. ಕಾರಣವು ಮುಂದೆ ತಾನಾಗಿ ತೋರಿಬರುವುದು.

೩

ಕಾಲಕ್ರಮದಲ್ಲಿ ಹಿರಿದಾದುದರಲ್ಲಿ ಒಂದೆನಿಸಿದ ಲಿಬ್‌ಜೆಪೆಗ್‌ನಿಂದ ಆರಂಭಿಸಬಹುದು. ಟಾಮ್ ಲೇನ್ ಎಂಬಾತನ ಮುಂದಾಳುತನದಲ್ಲಿ ಇಂಡಿಪೆಂಡೆಂಟ್ ಜೆಪೆಗ್ ಗ್ರೂಪ್ ಎಂಬ ಬಳಗವು ಇದನ್ನು ೧೯೯೧ರಲ್ಲಿ ಮೊದಲು ಪ್ರಕಟಿಸಿತು. ಬಹುಕಾಲ ಎಲ್ಲೆಡೆಯೂ ಬಳಕೆಯಲ್ಲಿದ್ದ ಅದರ ೬ಬಿ ಆವೃತ್ತಿಯು ೧೯೯೮ರಲ್ಲಿ ಹೊರಬಂದಿತು. ಇದರಲ್ಲಿ ಓದುವ ಭಾಗಕ್ಕೆ ಐದು ಕಾಲ್‌ಬ್ಯಾಕ್‌ಗಳು: ಆರಂಭಿಸುವುದು, ಬಫರನ್ನು ತುಂಬುವುದು, ಬೇಡದ ಬೈಟುಗಳನ್ನು ದಾಟುವುದು, ಕೆಟ್ಟ ದತ್ತಾಂಶದ ನಡುವೆ ಮತ್ತೆ ಹಿಡಿತ ಸಾಧಿಸುವುದು, ಮುಗಿಸುವುದು. ಬರೆಯುವ ಭಾಗಕ್ಕೆ ಮೂರು: ಆರಂಭಿಸುವುದು, ತುಂಬಿದ ಬಫರನ್ನು ಬರಿದುಮಾಡುವುದು, ಮುಗಿಸುವುದು.

ಮೊದಲ ನೋಟಕ್ಕೆ ಇದು ಅತಿಯಾಯಿತೆನಿಸುತ್ತದೆ. ಆದರೆ ಸಾವಧಾನವಾಗಿ ಓದಿದರೆ ಇದರಲ್ಲಿರುವ ವಿವೇಕವು ಗೋಚರವಾಗುತ್ತದೆ. ಬಫರು ಲೈಬ್ರರಿಯದಲ್ಲ, ಉಗ್ರಾಣಿಯದು. ಲೈಬ್ರರಿಯು ಬೈಟುಗಳನ್ನು ಅಲ್ಲಿಂದಲೇ ಎತ್ತಿಕೊಂಡು ಹೋಗುತ್ತದೆ. ಬಫರು ಬರಿದಾದಾಗ ಮಾತ್ರ ಕೂಗುತ್ತದೆ. ಹೀಗಾಗಿ ಒಂದೊಂದು ಬೈಟಿಗೂ ಫಂಕ್ಷನ್ ಕರೆಯ ವೆಚ್ಚವಿಲ್ಲ. ಮೆಮೊರಿಯಲ್ಲಿರುವ ಚಿತ್ರಕ್ಕಂತೂ ನಕಲು ಮಾಡುವ ಕೆಲಸವೇ ಇಲ್ಲ. ಇದಕ್ಕಿಂತ ಮುಖ್ಯವಾದುದು ಬಫರನ್ನು ತುಂಬುವ ಕಾಲ್‌ಬ್ಯಾಕಿಗೆ ಕೊಟ್ಟಿರುವ ಉತ್ತರಗಳ ವ್ಯವಸ್ಥೆ. ನಿಜ ಎಂದು ಹಿಂತಿರುಗಿಸಿದರೆ ದತ್ತಾಂಶ ಬಂದಿದೆಯೆಂದು ಅರ್ಥ. ಸುಳ್ಳು ಎಂದು ಹಿಂತಿರುಗಿಸಿದರೆ ದೋಷವೆಂದಲ್ಲ; ಸದ್ಯಕ್ಕೆ ಇಲ್ಲ, ಮತ್ತೆ ಬಾ ಎಂದು ಅರ್ಥ. ಆಗ ಲೈಬ್ರರಿಯು ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಯಜಮಾನನ ಬಳಿಗೆ ಮರಳುತ್ತದೆ. ಮುಂದೆ ಹೆಚ್ಚಿನ ಬೈಟುಗಳು ಬಂದಾಗ ಹಿಂದಿನ ಒಂದು ಕ್ಷೇಮವಾದ ಸ್ಥಾನದಿಂದ ಮುಂದುವರಿಯುತ್ತದೆ. ನಿಜವಾದ ದೋಷಕ್ಕೆ ಪ್ರತ್ಯೇಕವಾದ ದಾರಿಯಿದೆ. ಅದು ‘ಎರರ್ ಎಗ್ಸಿಟ್’ ಎಂಬ ಮತ್ತೊಂದು ಕಾಲ್‌ಬ್ಯಾಕು. ಅಂದರೆ ಉಗ್ರಾಣಿಯು ಮೂರು ಮಾತುಗಳನ್ನು ಆಡಬಲ್ಲನು: ಇದೆ, ಈಗ ಇಲ್ಲ, ಇನ್ನು ಎಂದಿಗೂ ಇಲ್ಲ. ಈ ಮೂರೂ ಬೇರೆಬೇರೆಯೆಂಬುದನ್ನು ಗುರುತಿಸಿದುದು ಲಿಬ್‌ಜೆಪೆಗ್‌ನ ದೊಡ್ಡಸ್ತಿಕೆ.

ದೋಷಗಳೂ ಇಲ್ಲದಿಲ್ಲ. ಬೈಟುಗಳನ್ನು ದಾಟುವ ಕಾಲ್‌ಬ್ಯಾಕಿಗೆ ಉತ್ತರವೇ ಇಲ್ಲ. ದಾಟಬೇಕಾದ ಬೈಟುಗಳು ಇನ್ನೂ ಬಂದಿಲ್ಲವೆಂದರೆ ಎಷ್ಟು ಉಳಿದಿದೆಯೆಂಬ ಲೆಕ್ಕವನ್ನು ಉಗ್ರಾಣಿಯೇ ನೆನಪಿಟ್ಟುಕೊಳ್ಳಬೇಕು. ಬರೆಯುವ ಭಾಗದಲ್ಲಿ ಇನ್ನೂ ಸೂಕ್ಷ್ಮವಾದ ತೊಡಕಿದೆ. ಬಫರನ್ನು ಬರಿದುಮಾಡೆಂದು ಕರೆ ಬಂದಾಗ, ಎಷ್ಟು ತುಂಬಿದೆಯೆಂದು ತೋರಿಸುವ ಎಣಿಕೆಯನ್ನು ನೋಡದೆ ಇಡೀ ಬಫರನ್ನು ಬರೆಯಬೇಕೆಂಬುದು ನಿಯಮ. ಮುಗಿಸುವ ಕಾಲ್‌ಬ್ಯಾಕಿನಲ್ಲಾದರೋ ಎಣಿಕೆಯನ್ನು ನೋಡಿ ಉಳಿದಷ್ಟನ್ನೇ ಬರೆಯಬೇಕು. ಈ ವ್ಯತ್ಯಾಸವನ್ನು ಗಮನಿಸದವನ ಜೆಪೆಗ್ ಫೈಲು ನಡುನಡುವೆ ಬೈಟುಗಳನ್ನು ಕಳೆದುಕೊಂಡು ಹಾಳಾಗುತ್ತದೆ. ಅಲ್ಲದೆ ಕೆಲಸವನ್ನು ಅರ್ಧದಲ್ಲಿ ರದ್ದುಮಾಡಿದರೆ ಮುಗಿಸುವ ಕಾಲ್‌ಬ್ಯಾಕಿಗೆ ಕರೆಯೇ ಬರುವುದಿಲ್ಲ. ತೆರೆದಿಟ್ಟುದನ್ನು ಮುಚ್ಚುವ ಭಾರ ಯಜಮಾನನ ಮೇಲೆಯೇ ಬೀಳುತ್ತದೆ. ಇವೆಲ್ಲವನ್ನೂ ಲೈಬ್ರರಿಯೊಡನೆ ಬರುವ ವಿವರಣೆಯಲ್ಲಿ ಬರೆದಿದ್ದಾರೆ ನಿಜ. ಆದರೆ ಬರೆದಿರುವ ನಿಯಮಕ್ಕಿಂತ ಮೀರಲಾಗದಂತೆ ಕಟ್ಟಿದ ನಿಯಮವು ಮೇಲು.

ಇನ್ನೊಂದು ವಿಚಾರವೂ ಗಮನಾರ್ಹವಾಗಿದೆ. ಫೈಲು ನಡುವೆ ತುಂಡಾಗಿದ್ದರೆ, ಲಿಬ್‌ಜೆಪೆಗ್‌ನ ಜೊತೆಗೇ ಬರುವ ಫೈಲ್ ಓದುವ ಉಗ್ರಾಣಿಯು ಒಂದು ಎಚ್ಚರಿಕೆಯನ್ನು ದಾಖಲಿಸಿ, ಚಿತ್ರ ಮುಗಿಯಿತೆಂಬ ಗುರುತಿನ ಎರಡು ಬೈಟುಗಳನ್ನು ತಾನೇ ಸೇರಿಸುತ್ತದೆ. ಮೇಲರ್ಧ ಚಿತ್ರವೂ ಕೆಳಗೆ ಬೂದುಬಣ್ಣವೂ ಕಾಣಿಸುವುದು ಇದರಿಂದ. ನೋಡುವವನಿಗೆ ಅರ್ಧ ಚಿತ್ರವಾದರೂ ಸಿಕ್ಕಲೆಂಬ ಉದಾರಭಾವ ಇದರಲ್ಲಿದೆ; ಆದರೆ ಎಚ್ಚರಿಕೆಯನ್ನು ಯಜಮಾನನು ಓದಿದರೆ ಮಾತ್ರ ಈ ಔದಾರ್ಯವು ಸತ್ಯವಾಗಿ ಉಳಿಯುತ್ತದೆ.

೪

ಲಿಬ್‌ಪಿಎನ್‌ಜಿಯ ರೀತಿಯೇ ಬೇರೆ. ಇದನ್ನು ೧೯೯೫ರಲ್ಲಿ ಬರೆಯಲಾರಂಭಿಸಿದವನು ಗೈ ಎರಿಕ್ ಷಾಲ್ನಾಟ್. ಪಿಎನ್‌ಜಿ ಎಂಬ ಚಿತ್ರಸ್ವರೂಪವು ೧೯೯೬ರ ಅಕ್ಟೋಬರ್‌ನಲ್ಲಿ ಡಬ್ಲ್ಯು ತ್ರೀ ಸಿ ಸಂಸ್ಥೆಯ ಶಿಫಾರಸಾಗಿ ಹೊರಬಂದಿತು. ಮೊದಲು ೮ ಬೈಟುಗಳ ಮುದ್ರೆ, ಅನಂತರ ಸಾಲಾಗಿ ಖಂಡಗಳು. ಪ್ರತಿ ಖಂಡಕ್ಕೂ ೪ ಬೈಟಿನ ಉದ್ದ, ೪ ಬೈಟಿನ ಹೆಸರು, ದತ್ತಾಂಶ, ೪ ಬೈಟಿನ ತಾಳೆಸಂಖ್ಯೆ. ಪ್ರತಿ ಖಂಡವೂ ತನ್ನ ಉದ್ದವನ್ನು ಮೊದಲೇ ಹೇಳುವುದರಿಂದ ಇದನ್ನು ಓದುವವನು ಹಿಂದಕ್ಕೆ ತಿರುಗಬೇಕಾಗಿಲ್ಲ. ಆದುದರಿಂದ ಲೈಬ್ರರಿಯು ಕೇಳುವುದೂ ಅಷ್ಟನ್ನೇ: ಓದಲು ಒಂದು ಕಾಲ್‌ಬ್ಯಾಕ್, ಬರೆಯಲು ಒಂದು, ಮತ್ತು ಬರೆದುದನ್ನು ಹೊರಕ್ಕೆ ತಳ್ಳಿಬಿಡಲು ಇನ್ನೊಂದು. ನಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ದೊರೆಯಲಾರದು.

ಎರಡನೆಯ ಪ್ರಶ್ನೆಗೆ ಉತ್ತರ ವಿಚಿತ್ರವಾಗಿದೆ. ಓದುವ ಕಾಲ್‌ಬ್ಯಾಕ್ ಏನನ್ನೂ ಹಿಂತಿರುಗಿಸುವುದಿಲ್ಲ, ಬರೆಯುವುದೂ ಹಾಗೆಯೇ. ಹಾಗಾದರೆ ಉಗ್ರಾಣಿಗೆ ಬಾಯಿಯೇ ಇಲ್ಲವೇ ಎಂದರೆ, ಇದೆ. ಕೇಳಿದಷ್ಟು ಬೈಟುಗಳನ್ನೂ ಪೂರ್ತಿಯಾಗಿ ಕೊಡಬೇಕು. ಕೊಡಲಾರದೆ ಹೋದರೆ ‘ಪಿಎನ್‌ಜಿ ಎರರ್’ ಎಂಬ ಫಂಕ್ಷನ್ನನ್ನು ಕರೆಯಬೇಕು. ಆ ಫಂಕ್ಷನ್ ಹಿಂತಿರುಗಿ ಬರುವುದೇ ಇಲ್ಲ. ಸಿ ಭಾಷೆಯ ‘ಲಾಂಗ್‌ಜಂಪ್’ ಮೂಲಕ ಅಡುಗೆಮನೆಯನ್ನೂ ದಾಟಿ ನೇರವಾಗಿ ಯಜಮಾನನ ಮುಂದೆ ಹೋಗಿ ನಿಲ್ಲುತ್ತದೆ. ಇದರ ಗುಣವೆಂದರೆ, ದೋಷವನ್ನು ಕಡೆಗಣಿಸುವುದು ಕಷ್ಟ. ಲೈಬ್ರರಿಯ ಜೊತೆಗೇ ಬರುವ ಬರೆಯುವ ಫಂಕ್ಷನ್, ಬರೆದ ಬೈಟುಗಳ ಸಂಖ್ಯೆಯು ಕೇಳಿದ ಸಂಖ್ಯೆಗೆ ಸರಿಹೊಂದದಿದ್ದರೆ ಈ ದೋಷವನ್ನು ಎಬ್ಬಿಸಿಯೇ ಎಬ್ಬಿಸುತ್ತದೆ. ಇದರ ಕುಂದೆಂದರೆ, ನಡುವೆ ಸಿ ಪ್ಲಸ್ ಪ್ಲಸ್ ಭಾಷೆಯ ವಸ್ತುಗಳಿದ್ದರೆ ಈ ನೆಗೆತದಲ್ಲಿ ಅವುಗಳ ವಿಸರ್ಜನೆಯ ಕ್ರಮವು ತಪ್ಪಿಹೋಗುತ್ತದೆ. ಮತ್ತೊಂದು ಬಲೆಯೂ ಇದೆ: ತಳ್ಳಿಬಿಡುವ ಕಾಲ್‌ಬ್ಯಾಕಿನ ಸ್ಥಾನದಲ್ಲಿ ಶೂನ್ಯವನ್ನು ಕೊಟ್ಟರೆ, ಬೇಡವೆಂದು ಅರ್ಥವಾಗುವುದಿಲ್ಲ, ಲೈಬ್ರರಿಯು ತನ್ನದೇ ಫಂಕ್ಷನ್ನನ್ನು ಹಾಕಿಕೊಳ್ಳುತ್ತದೆ, ಅದಾದರೋ ನಮ್ಮ ಗಂಟನ್ನು ಸಿ ಭಾಷೆಯ ಫೈಲ್ ಪಾಯಿಂಟರೆಂದೇ ನಂಬುತ್ತದೆ. ಏನನ್ನೂ ಮಾಡದ ಖಾಲಿ ಫಂಕ್ಷನ್ನೊಂದನ್ನು ಬರೆದು ಕೊಡುವುದೇ ಕ್ಷೇಮ.

ಈಗ ಇಲ್ಲ ಎಂಬ ಉತ್ತರಕ್ಕೆ ಓದುವ ಈ ಕಾಲ್‌ಬ್ಯಾಕಿನಲ್ಲಿ ಎಡೆಯಿಲ್ಲ. ಆ ಕೊರತೆಯನ್ನು ಲಿಬ್‌ಪಿಎನ್‌ಜಿ ಬೇರೊಂದು ಬಾಗಿಲಿನಿಂದ ತುಂಬಿಕೊಟ್ಟಿದೆ. ಅಲ್ಲಿ ಭಟ್ಟರು ಕೇಳುವುದೇ ಇಲ್ಲ. ಬಂದ ಬೈಟುಗಳನ್ನು ಬಂದಂತೆ ಯಜಮಾನನೇ ಅಡುಗೆಮನೆಗೆ ತಂದು ಸುರಿಯುತ್ತಾನೆ. ಶಿರೋಭಾಗವು ತಿಳಿದೊಡನೆ ಒಮ್ಮೆ, ಸಾಲು ಸಿದ್ಧವಾದಂತೆಲ್ಲ ಒಮ್ಮೊಮ್ಮೆ, ಎಲ್ಲವೂ ಮುಗಿದಾಗ ಒಮ್ಮೆ ಲೈಬ್ರರಿಯು ಕಾಲ್‌ಬ್ಯಾಕ್‌ಗಳನ್ನು ಕರೆದು ತಿಳಿಸುತ್ತದೆ. ಲಿಬ್‌ಜೆಪೆಗ್ ಒಂದೇ ಬಾಗಿಲಿನಲ್ಲಿ ಮೂರು ಉತ್ತರಗಳನ್ನಿಟ್ಟಿತು. ಲಿಬ್‌ಪಿಎನ್‌ಜಿ ಎರಡು ಬಾಗಿಲುಗಳನ್ನಿಟ್ಟು ಪ್ರತಿಯೊಂದನ್ನೂ ಸರಳಗೊಳಿಸಿತು. ಬೋಧನೆಯ ದೃಷ್ಟಿಯಿಂದ ಎರಡನೆಯದೇ ಸುಲಭವಾದುದು.

ಲಿಬ್‌ಟಿಫ್ ಮತ್ತು ಫ್ರೀಇಮೇಜ್‌ಗಳಿಗೆ ಬಂದರೆ, ಕಾಲ್‌ಬ್ಯಾಕಿನ ಸ್ವರೂಪವನ್ನು ಚಿತ್ರದ ಸ್ವರೂಪವೇ ನಿರ್ಣಯಿಸುವುದೆಂಬುದು ಸ್ಪಷ್ಟವಾಗುತ್ತದೆ. ಟಿಫ್ ಎಂಬುದು ಆಲ್ಡಸ್ ಸಂಸ್ಥೆಯು ೧೯೮೬ರಲ್ಲಿ ಹೊರತಂದ ರೂಪ. ಅದರ ಆರನೆಯ ಪರಿಷ್ಕರಣ ೧೯೯೨ರದು. ಇದರ ಮೊದಲ ೮ ಬೈಟುಗಳಲ್ಲಿ ಕೊನೆಯ ನಾಲ್ಕು, ವಿವರಪಟ್ಟಿಯು ಫೈಲಿನ ಯಾವ ಸ್ಥಾನದಲ್ಲಿದೆಯೆಂಬುದನ್ನು ಹೇಳುತ್ತವೆ. ಆ ಪಟ್ಟಿಯು ಫೈಲಿನ ಕೊನೆಯಲ್ಲಿಯೂ ಇರಬಹುದು. ಇಂಥದನ್ನು ಓದುವವನು ಮುಂದಕ್ಕೂ ಹಿಂದಕ್ಕೂ ಹಾರಬೇಕು. ಬರೆಯುವವನಾದರೂ ಪಟ್ಟಿಯನ್ನು ಬರೆದ ಮೇಲೆ ಮೊದಲಿಗೆ ಮರಳಿ ಅದರ ಸ್ಥಾನವನ್ನು ತುಂಬಬೇಕು. ಆದ್ದರಿಂದ ಲಿಬ್‌ಟಿಫ್ ಏಳು ಕಾಲ್‌ಬ್ಯಾಕ್‌ಗಳನ್ನು ಕೇಳುತ್ತದೆ: ಓದುವುದು, ಬರೆಯುವುದು, ಸ್ಥಾನ ಬದಲಿಸುವುದು, ಮುಚ್ಚುವುದು, ಗಾತ್ರವನ್ನು ಹೇಳುವುದು, ಫೈಲನ್ನು ಮೆಮೊರಿಗೆ ಹೊಂದಿಸುವುದು, ಆ ಹೊಂದಿಕೆಯನ್ನು ಬಿಡಿಸುವುದು. ಇಷ್ಟೊಂದು ಕೇಳುವುದು ಲೋಭವಲ್ಲ, ರೂಪದ ಅಗತ್ಯ. ಹರಿದುಬರುವ ಜಾಲಪ್ರವಾಹದಿಂದ ಟಿಫ್ ಚಿತ್ರವನ್ನು ನೇರವಾಗಿ ಓದಲು ಹೊರಟವನು ಸೋಲುವುದು ಲೈಬ್ರರಿಯ ತಪ್ಪಿನಿಂದಲ್ಲ.

ಫ್ರೀಇಮೇಜ್ ಹಲವು ರೂಪಗಳನ್ನು ಒಂದೇ ಸೂರಿನಡಿಯಲ್ಲಿ ಇಟ್ಟುಕೊಂಡಿರುವುದರಿಂದ ಎಲ್ಲಕ್ಕೂ ಒಗ್ಗುವ ನಾಲ್ಕನ್ನು ಆರಿಸಿಕೊಂಡಿದೆ: ಓದುವುದು, ಬರೆಯುವುದು, ಸ್ಥಾನ ಬದಲಿಸುವುದು, ಸ್ಥಾನವನ್ನು ಹೇಳುವುದು. ಇವು ಸಿ ಭಾಷೆಯ ಫೈಲ್ ಫಂಕ್ಷನ್‌ಗಳನ್ನೇ ಹೋಲುವುದರಿಂದ ವಿದ್ಯಾರ್ಥಿಗೆ ಹೊಸದಾಗಿ ಕಲಿಯಬೇಕಾದುದು ಕಡಮೆ. ಆದರೆ ಈ ಅನುಕರಣೆಯೊಡನೆ ಮೂಲದ ಕುಂದೂ ಬಂದಿದೆ. ಸ್ಥಾನವನ್ನು ‘ಲಾಂಗ್’ ಎಂಬ ಬಗೆಯ ಸಂಖ್ಯೆಯಲ್ಲಿ ಹೇಳಬೇಕಾಗಿದೆ. ವಿಂಡೋಸ್ ವ್ಯವಸ್ಥೆಯಲ್ಲಿ, ೬೪ ಬಿಟ್ ಪ್ರೋಗ್ರಾಂಗಳಲ್ಲಿಯೂ, ಅದು ೩೨ ಬಿಟ್ಟಿನದೇ. ಆದುದರಿಂದ ೨ ಗಿಗಾಬೈಟಿನಾಚೆಯ ಸ್ಥಾನವನ್ನು ಅಲ್ಲಿ ಹೇಳಲು ಬಾರದು. ಪಿಎನ್‌ಜಿಯಂಥ ನೇರ ಹರಿವಿನ ರೂಪವನ್ನು ಓದುವಾಗಲೂ ಯಜಮಾನನು ಹಾರಬಲ್ಲ ಉಗ್ರಾಣಿಯನ್ನೇ ತರಬೇಕಾದುದು ಇದರ ಇನ್ನೊಂದು ವೆಚ್ಚ.

೫

ಕೊನೆಯದಾಗಿ ಎಸ್‌ಟಿಬಿ ಇಮೇಜ್. ಷಾನ್ ಬ್ಯಾರೆಟ್ ಎಂಬಾತನು ರಚಿಸಿ ಸಾರ್ವಜನಿಕರಿಗೆ ಮುಕ್ತವಾಗಿ ಬಿಟ್ಟಿರುವ ಈ ಲೈಬ್ರರಿಯು ಒಂದೇ ಒಂದು ಹೆಡರ್ ಫೈಲಿನಲ್ಲಿ ಅಡಗಿದೆ. ಅದನ್ನು ತಂದು ಸೇರಿಸಿಕೊಂಡರೆ ಸಾಕು, ಜೆಪೆಗ್, ಪಿಎನ್‌ಜಿ ಮೊದಲಾದ ಹಲವು ರೂಪಗಳ ಚಿತ್ರಗಳು ತೆರೆದುಕೊಳ್ಳುತ್ತವೆ. ಕಲಿಯುವವರು ಇದನ್ನು ಮೆಚ್ಚಿರುವುದು ಸಹಜವೇ. ಕಾಲ್‌ಬ್ಯಾಕ್ ಮೂಲಕ ತೆರೆಯುವ ಸೌಕರ್ಯವು ಇದಕ್ಕೆ ೨೦೧೧ರಲ್ಲಿ ಸೇರಿತು. ಇಲ್ಲಿ ಮೂರು ಫಂಕ್ಷನ್‌ಗಳು: ಓದುವುದು, ದಾಟುವುದು, ಮುಗಿಯಿತೇ ಎಂದು ಹೇಳುವುದು.

ಹಿಂದಕ್ಕೆ ಹಾರುವ ಕಾಲ್‌ಬ್ಯಾಕ್ ಇಲ್ಲದೆ, ಬಂದ ಚಿತ್ರವು ಯಾವ ರೂಪದ್ದೆಂದು ಒಂದಾದಮೇಲೊಂದನ್ನು ಪರೀಕ್ಷಿಸಿ ನೋಡುವುದು ಹೇಗೆ? ಇದಕ್ಕೆ ಗ್ರಂಥಕರ್ತನು ಕಂಡುಕೊಂಡಿರುವ ಉಪಾಯವು ಸೊಗಸಾಗಿದೆ. ಲೈಬ್ರರಿಯು ೧೨೮ ಬೈಟುಗಳ ಒಂದು ಸಣ್ಣ ಬಫರನ್ನು ತಾನೇ ಇಟ್ಟುಕೊಂಡಿದೆ. ರೂಪವನ್ನು ಗುರುತಿಸುವ ಯಾವ ಪರೀಕ್ಷೆಯೂ ೯೨ ಬೈಟುಗಳನ್ನು ಮೀರಿ ನೋಡುವುದಿಲ್ಲವೆಂದು ಆಕರದಲ್ಲಿಯೇ ಟಿಪ್ಪಣಿಯಿದೆ. ಆದ್ದರಿಂದ ಹಿಂದಕ್ಕೆ ಹೋಗುವುದೆಂದರೆ ಆ ಬಫರಿನ ಮೊದಲಿಗೆ ಹೋಗುವುದಷ್ಟೇ; ಉಗ್ರಾಣಿಗೆ ಅದರ ಸುದ್ದಿಯೇ ತಿಳಿಯುವುದಿಲ್ಲ. ಆದರೆ ಇದೇ ಕಾರಣದಿಂದ, ಚಿತ್ರದ ಅಳತೆಯನ್ನು ಮಾತ್ರ ಕಾಲ್‌ಬ್ಯಾಕ್ ಮೂಲಕ ಕೇಳಿ ತಿಳಿದುಕೊಂಡ ಮೇಲೆ, ಅದೇ ಮೂಲದಿಂದ ಚಿತ್ರವನ್ನು ತೆರೆಯಹೊರಟರೆ ಆಗದು. ಮೊದಲ ಬೈಟುಗಳು ಆಗಲೇ ವ್ಯಯವಾಗಿರುತ್ತವೆ. ಫೈಲ್ ಪಾಯಿಂಟರನ್ನು ಕೊಟ್ಟಾಗ ಲೈಬ್ರರಿಯು ಸ್ಥಾನವನ್ನು ತಾನೇ ಮೊದಲಿನಂತೆ ಮಾಡಿಕೊಡುತ್ತದೆ. ಕಾಲ್‌ಬ್ಯಾಕಿನಲ್ಲಿ ಆ ಕೆಲಸವು ಯಜಮಾನನದು.

ಇಲ್ಲವೆನ್ನುವ ಅವಕಾಶದ ವಿಷಯದಲ್ಲಿ ಈ ಒಪ್ಪಂದವು ಮಸಕಾಗಿದೆ. ಓದುವ ಕಾಲ್‌ಬ್ಯಾಕ್ ಎಷ್ಟು ಬೈಟುಗಳು ದೊರೆತವೆಂಬ ಸಂಖ್ಯೆಯನ್ನು ಹಿಂತಿರುಗಿಸುತ್ತದೆ. ಸೊನ್ನೆಯನ್ನು ಹಿಂತಿರುಗಿಸಿದರೆ ಲೈಬ್ರರಿಯು ದತ್ತಾಂಶ ಮುಗಿಯಿತೆಂದು ಎಣಿಸಿ, ಮುಂದೆ ಬೇಕಾಗುವ ಬೈಟುಗಳಿಗೆ ಸೊನ್ನೆಯನ್ನೇ ಕೊಡುತ್ತ ಹೋಗುತ್ತದೆ. ಜಾಲಸಂಪರ್ಕವು ನಡುವೆ ಕಡಿದುಹೋದುದಕ್ಕೂ ಚಿತ್ರವು ಸಹಜವಾಗಿ ಮುಗಿದುದಕ್ಕೂ ಇಲ್ಲಿ ಭೇದವಿಲ್ಲ. ಕೇಳಿದುದಕ್ಕಿಂತ ಕಡಮೆ ಬೈಟುಗಳನ್ನು ಕೊಟ್ಟಾಗ ಲೈಬ್ರರಿಯು ತನ್ನ ಸಣ್ಣ ಬಫರನ್ನು ತುಂಬುತ್ತಿದ್ದರೆ ಅದು ಸಮ್ಮತ. ದೊಡ್ಡ ತುಂಡನ್ನು ನೇರವಾಗಿ ಓದುತ್ತಿದ್ದರೆ ಅದೇ ಉತ್ತರವು ಸೋಲೆಂದು ಗಣಿತವಾಗುತ್ತದೆ. ಒಂದೇ ಮಾತಿಗೆ ಸಂದರ್ಭಕ್ಕೊಂದು ಅರ್ಥ. ಸಂದರ್ಭವೋ ಉಗ್ರಾಣಿಗೆ ಕಾಣದು. ಇನ್ನು, ಯೂನಿಕ್ಸ್ ಪರಂಪರೆಯ ‘ರೀಡ್’ ಫಂಕ್ಷನ್ ದೋಷವುಂಟಾದಾಗ ಋಣ ಒಂದನ್ನು ಹಿಂತಿರುಗಿಸುತ್ತದೆ. ಅದನ್ನು ಹಾಗೆಯೇ ದಾಟಿಸಿದರೆ ಈ ಒಪ್ಪಂದದಲ್ಲಿ ಅದಕ್ಕೆ ಅರ್ಥವೇ ಇಲ್ಲ, ಬಫರಿನ ಲೆಕ್ಕವು ಕೆಡುತ್ತದೆ. ಆದ್ದರಿಂದ ಇಲ್ಲಿ ಉಗ್ರಾಣಿಯಾದವನು ಕೇಳಿದಷ್ಟು ತುಂಬುವವರೆಗೆ ಮತ್ತೆ ಮತ್ತೆ ಓದಬೇಕು, ಋಣಸಂಖ್ಯೆಯನ್ನು ಎಂದೂ ಹೊರಬಿಡಬಾರದು, ದೋಷವಾದುದನ್ನು ತನ್ನ ಗಂಟಿನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು.

ಉಳಿಸುವ ಭಾಗವಾದ ‘ಎಸ್‌ಟಿಬಿ ಇಮೇಜ್ ರೈಟ್’ನಲ್ಲಿ ಮಸಕು ಕತ್ತಲಾಗಿದೆ. ಅಲ್ಲಿನ ಬರೆಯುವ ಕಾಲ್‌ಬ್ಯಾಕ್ ಗಂಟನ್ನೂ ದತ್ತಾಂಶವನ್ನೂ ಅದರ ಗಾತ್ರವನ್ನೂ ತೆಗೆದುಕೊಳ್ಳುತ್ತದೆ, ಏನನ್ನೂ ಹಿಂತಿರುಗಿಸುವುದಿಲ್ಲ. ಲಿಬ್‌ಪಿಎನ್‌ಜಿಯಲ್ಲಿಯೂ ಹಿಂತಿರುಗಿಸುವುದಿಲ್ಲವಷ್ಟೆ ಎನ್ನಬಹುದು. ಆದರೆ ಅಲ್ಲಿದ್ದ ದೋಷದ ಫಂಕ್ಷನ್ ಇಲ್ಲಿಲ್ಲ. ಪಿಎನ್‌ಜಿಯನ್ನು ಉಳಿಸುವಾಗ ಲೈಬ್ರರಿಯು ಇಡೀ ಚಿತ್ರವನ್ನು ಮೆಮೊರಿಯಲ್ಲಿ ಸಿದ್ಧಪಡಿಸಿ, ಕಾಲ್‌ಬ್ಯಾಕನ್ನು ಒಂದು ಸಲ ಕರೆದು, ಕೆಲಸವು ಸಫಲವಾಯಿತೆಂದು ಉತ್ತರ ಹೇಳುತ್ತದೆ. ಆ ಕರೆಯಲ್ಲಿ ಒಂದು ಬೈಟೂ ಡಿಸ್ಕಿಗೆ ಸೇರದಿದ್ದರೂ ಉತ್ತರ ಅದೇ. ಕಾಲ್‌ಬ್ಯಾಕ್ ಇಲ್ಲದೆ ಫೈಲಿನ ಹೆಸರನ್ನೇ ಕೊಟ್ಟಾಗಲೂ ಲೈಬ್ರರಿಯ ಸ್ವಂತ ಫಂಕ್ಷನ್, ಸಿ ಭಾಷೆಯ ‘ಎಫ್‌ರೈಟ್’ ಎಷ್ಟು ಬರೆಯಿತೆಂದು ನೋಡುವುದಿಲ್ಲ.

ಇದರಿಂದ ಒದಗುವ ನಷ್ಟವು ಎಂಥದೆಂಬುದನ್ನು ಯೋಚಿಸಬೇಕು. ತೆರೆಯುವಾಗ ಆಗುವ ದೋಷವು ಕಣ್ಣಿಗೆ ಬೀಳುತ್ತದೆ: ಚಿತ್ರ ಬರುವುದಿಲ್ಲ, ಅಥವಾ ಅರ್ಧ ಬರುತ್ತದೆ, ಮೂಲವು ಇದ್ದಲ್ಲಿಯೇ ಇದೆ, ಮತ್ತೊಮ್ಮೆ ತೆರೆಯಬಹುದು. ಉಳಿಸುವಾಗ ಆಗುವ ದೋಷ ಹಾಗಲ್ಲ. ಸಾವಿರ ಪುಟಗಳ ಹಳೆಯ ಹಸ್ತಪ್ರತಿಯೊಂದರ ಚಿತ್ರಗಳನ್ನು ಒಂದೊಂದಾಗಿ ಉಳಿಸುವ ಪ್ರೋಗ್ರಾಂ ಇದೆಯೆಂದು ಭಾವಿಸೋಣ. ಆರುನೂರನೆಯ ಪುಟದಲ್ಲಿ ಡಿಸ್ಕು ತುಂಬಿಹೋಗುತ್ತದೆ. ಪ್ರೋಗ್ರಾಂ ಪ್ರತಿಪುಟಕ್ಕೂ ಸಫಲವೆಂಬ ಉತ್ತರವನ್ನೇ ಪಡೆಯುತ್ತ ಸಾವಿರಕ್ಕೆ ಮುಟ್ಟುತ್ತದೆ. ಹಸ್ತಪ್ರತಿಯು ಒಡೆಯರ ಮನೆಗೆ ಮರಳುತ್ತದೆ. ಕೆಲವು ವರ್ಷಗಳ ಮೇಲೆ ಯಾರೋ ಒಬ್ಬರು ಆರುನೂರೊಂದನೆಯ ಪುಟವನ್ನು ತೆರೆದಾಗಲೇ ನಿಜವು ಹೊರಬೀಳುವುದು. ಅಷ್ಟರಲ್ಲಿ ಮೂಲಪ್ರತಿಯು ಹುಳು ಹಿಡಿದಿದ್ದರೆ ಆಶ್ಚರ್ಯವಿಲ್ಲ. ತೆರೆಯುವಾಗಿನ ಸುಳ್ಳು ಒಂದು ಗಳಿಗೆಯದು. ಉಳಿಸುವಾಗಿನ ಸುಳ್ಳಿಗೆ ಪರಿಹಾರವಿಲ್ಲದೆ ಹೋಗಬಹುದು. ಇಲ್ಲವೆನ್ನುವ ಅವಕಾಶವೇ ಮುಖ್ಯವೆಂದು ಮೊದಲು ಹೇಳಿದುದಕ್ಕೆ ಇದೇ ಕಾರಣ.

೬

ಇದಕ್ಕೆ ಎಸ್‌ಟಿಬಿಯ ಪಕ್ಷದಿಂದ ಒಂದು ಸಮಾಧಾನವನ್ನು ಹೇಳಬಹುದು. ಇದು ಸಣ್ಣ ಲೈಬ್ರರಿ. ಸರಳತೆಯೇ ಇದರ ಪ್ರಾಣ. ಬರೆಯುವ ಫಂಕ್ಷನ್ ಯಜಮಾನನದೇ ಆಗಿರುವುದರಿಂದ, ತನ್ನ ಬರೆವಣಿಗೆ ಸೋತಿತೆಂಬುದು ಅವನಿಗೆ ತಿಳಿದೇ ಇರುತ್ತದೆ. ಅದನ್ನು ಲೈಬ್ರರಿಗೆ ಹೇಳಿ ಮತ್ತೆ ಅದರ ಬಾಯಿಂದ ಕೇಳುವುದೇಕೆ? ಈ ವಾದದಲ್ಲಿ ಹುರುಳಿದೆ. ಅಷ್ಟೇ ಅಲ್ಲ, ‘ಎಫ್‌ರೈಟ್’ ಸಫಲವಾದ ಮೇಲೂ ಬೈಟುಗಳು ಇನ್ನೂ ಬಫರಿನಲ್ಲಿಯೇ ನಿಂತಿದ್ದು, ಡಿಸ್ಕು ತುಂಬಿರುವುದು ಫೈಲನ್ನು ಮುಚ್ಚುವಾಗ ಮಾತ್ರ ತಿಳಿದುಬರಬಹುದು, ಮುಚ್ಚುವವನೋ ಯಜಮಾನನೇ. ಆದುದ್ದರಿಂದ ಉಳಿಯಿತೇ ಇಲ್ಲವೇ ಎಂಬುದರ ಕೊನೆಯ ಮಾತು ಯಾವ ಲೈಬ್ರರಿಯಲ್ಲಾದರೂ ಯಜಮಾನನದೇ ಆಗಿರುತ್ತದೆ.

ಈ ಸಮಾಧಾನವನ್ನು ಒಪ್ಪಿಕೊಂಡರೂ ಒಂದು ಆಕ್ಷೇಪವು ಉಳಿಯುತ್ತದೆ. ಲೈಬ್ರರಿಗೆ ತಿಳಿಯದ ವಿಷಯವನ್ನು ಕುರಿತು ಅದು ಮೌನವಾಗಿದ್ದರೆ ಯಾರೂ ಆಕ್ಷೇಪಿಸಲಾರರು. ಆದರೆ ಅದು ಮೌನವಾಗಿಲ್ಲ; ಸಫಲವಾಯಿತೆಂದು ಹೇಳುತ್ತಿದೆ. ವಿದ್ಯಾರ್ಥಿಯು ಆ ಉತ್ತರವನ್ನು ಪರೀಕ್ಷಿಸಿ, ತಾನು ಎಚ್ಚರದಿಂದಿರುವೆನೆಂದೇ ನಂಬುತ್ತಾನೆ. ಅವನು ಪರೀಕ್ಷಿಸಿದುದು ಚಿತ್ರವು ಸಿದ್ಧವಾಯಿತೆಂಬುದನ್ನು. ಅವನು ತಿಳಿದುದು ಚಿತ್ರವು ಉಳಿಯಿತೆಂದು. ಬರೆಯುವ ಕಾಲ್‌ಬ್ಯಾಕಿಗೆ ಒಂದು ಸಂಖ್ಯೆಯನ್ನು ಹಿಂತಿರುಗಿಸುವ ಹಕ್ಕನ್ನು ಕೊಟ್ಟಿದ್ದರೆ ಲೈಬ್ರರಿಯ ಸರಳತೆಗೆ ಹೆಚ್ಚಿನ ಕುಂದು ಬರುತ್ತಿರಲಿಲ್ಲ; ಅದರ ಉತ್ತರವಾದರೋ ನಂಬತಕ್ಕುದಾಗುತ್ತಿದ್ದಿತು.

ಬಳಸುವವರಿಗೆ ಉಳಿದಿರುವ ದಾರಿ ಸುಗಮವಾದುದೇ. ಗಂಟಿನೊಳಗೆ ಫೈಲ್ ಪಾಯಿಂಟರಿನ ಜೊತೆಗೆ ‘ಸೋತಿತು’ ಎಂಬ ಒಂದು ಗುರುತನ್ನೂ ಇಟ್ಟುಕೊಳ್ಳಬೇಕು. ಕಾಲ್‌ಬ್ಯಾಕ್ ತಾನು ಬರೆದ ಬೈಟುಗಳನ್ನು ಎಣಿಸಿ, ಕಡಮೆಯಾದರೆ ಗುರುತು ಹಾಕಬೇಕು. ಲೈಬ್ರರಿಯ ಉತ್ತರ, ಈ ಗುರುತು, ಫೈಲನ್ನು ಮುಚ್ಚುವಾಗಿನ ಉತ್ತರ, ಈ ಮೂರೂ ಸರಿಯಾಗಿದ್ದರೆ ಮಾತ್ರ ಉಳಿಯಿತೆಂದು ತಿಳಿಯಬೇಕು. ಹಳೆಯ ಚಿತ್ರದ ಮೇಲೆಯೇ ಬರೆಯದೆ, ತಾತ್ಕಾಲಿಕವಾದ ಹೆಸರಿನಲ್ಲಿ ಬರೆದು, ಎಲ್ಲವೂ ಸರಿಯಾದ ಮೇಲೆ ಹೆಸರನ್ನು ಬದಲಾಯಿಸಿದರೆ ಇದ್ದುದನ್ನೂ ಕಳೆದುಕೊಳ್ಳುವ ಭಯವಿರುವುದಿಲ್ಲ.

ಐದನ್ನೂ ಒಟ್ಟಿಗೆ ನೋಡಿದಾಗ ತಾರತಮ್ಯವು ಹೀಗೆ ತೋರುತ್ತದೆ. ಕೇಳುವುದರಲ್ಲಿ ಮಿತಿಯನ್ನು ಚೆನ್ನಾಗಿ ಅರಿತಿರುವುದು ಲಿಬ್‌ಪಿಎನ್‌ಜಿ. ಉತ್ತರಗಳ ಸೂಕ್ಷ್ಮವನ್ನು ಚೆನ್ನಾಗಿ ಅರಿತಿರುವುದು ಲಿಬ್‌ಜೆಪೆಗ್. ಆದರೆ ಅದನ್ನು ಬಳಸಲು ಶ್ರಮಪಟ್ಟು ಓದಬೇಕು. ತನ್ನ ರೂಪದ ಅಗತ್ಯಕ್ಕೆ ನಿಷ್ಠವಾಗಿರುವುದು ಲಿಬ್‌ಟಿಫ್. ಪರಿಚಿತವಾದ ಮಾದರಿಯನ್ನು ಅನುಸರಿಸಿ ಅದರ ಗುಣದೋಷಗಳೆರಡನ್ನೂ ಪಡೆದುಕೊಂಡಿರುವುದು ಫ್ರೀಇಮೇಜ್. ಬಳಸಲು ಅತ್ಯಂತ ಸುಲಭವೂ, ಅಷ್ಟೇ ಎಚ್ಚರವನ್ನು ಬೇಡುವುದೂ ಎಸ್‌ಟಿಬಿ. ತರಗತಿಯಲ್ಲಿ ಮೊದಲು ಕಲಿಸುವುದಕ್ಕೆ ಈ ಕೊನೆಯದನ್ನೇ ಆರಿಸಿಕೊಂಡರೂ ತಪ್ಪಿಲ್ಲ. ಆದರೆ ಚಿತ್ರವು ತೆರೆದುಕೊಂಡಿತೆಂದು ಸಂತೋಷಪಟ್ಟು ಪಾಠವನ್ನು ಮುಗಿಸಬಾರದು. ಉಗ್ರಾಣಿಯನ್ನು ಬೇಕೆಂದೇ ಅರ್ಧದಲ್ಲಿ ಸೋಲಿಸಿ, ಭಟ್ಟರು ಏನನ್ನುವರೆಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಬೇಕು. ಹತ್ತು ಸಾಲುಗಳ ಆ ಪ್ರಯೋಗದಿಂದ ತಿಳಿಯುವಷ್ಟು, ಎಲ್ಲವೂ ಸುಸೂತ್ರವಾಗಿ ನಡೆದ ನೂರು ಪ್ರೋಗ್ರಾಂಗಳಿಂದಲೂ ತಿಳಿಯುವುದಿಲ್ಲ.